ಭಟ್ಟರ ಜಾರುಬಂಡೆ

ಬೆಳಗಿನ ವೇಣಾಡ್ ಎಕ್ಸ್‌ಪ್ರೆಸ್ಸಿನಲ್ಲಿ ನಮ್ಮವರು ಶೂ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದುರು ಸೀಟಿನ ಹೆಂಗಸು ಅದರೊಳಗೆ ಹಾವಿದೆಯೇನೋ ಎಂಬಂತೆ ಆಗಾಗ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಳಗಿದ್ದದ್ದು ರೈಲು. ರೈಲಿನಲ್ಲಿ ರೈಲು ಹೊತ್ತುಕೊಂಡು ತಿರುವನಂತಪುರದಿಂದ ಎರ್ನಾಕುಳಕ್ಕೆ ಹೋಗುವುದು ನಮ್ಮ ವರ್ಷಕ್ಕೊಮ್ಮೆಯ ತೀರ್ಥಯಾತ್ರೆ. ಅಲ್ಲಿನ ಪುಟ್ಟ ರೈಲು ಮ್ಯೂಸಿಯಂನಲ್ಲಿ, ಆಟಿಕೆ ರೈಲು ಕೂಡಿಡುವವರ ಮೇಳ ನಡೆಯುತ್ತದೆ. ಬರುವವರೆಲ್ಲ ಪೆನ್ಶನ್ ಪಡೆಯುವ ಮಕ್ಕಳು.

ನಮ್ಮವರು, ಉಮಾಮಹೇಶ್ವರ, ಮೈಸೂರಿನವರು. ತುಂಬಾದ ರಾಕೆಟ್ ಕೇಂದ್ರದಲ್ಲಿ ಸರ್ವಿಸ್ ಮುಗಿಸಿ, ಕಳಕ್ಕೂಟಂನ ಮನೆಯಲ್ಲಿ ಕೂತು, ಚಿಕ್ಕಂದಿನಲ್ಲಿ ನೋಡಿದ ಚಾಮರಾಜನಗರದ ಗಾಡಿಯನ್ನು ಹಿತ್ತಾಳೆ ತಗಡಿನಲ್ಲಿ, ಒಂದೊಂದು ಬೋಗಿ ಅಂಗೈ ಉದ್ದವಾಗುವಂತೆ ಇಳಿಸಿದ್ದರು. ನಾಲ್ಕು ವರ್ಷ ಹಿಡಿಯಿತು. ರಾಕೆಟ್ಟು ಇಷ್ಟು ತಡವಾಗಿದ್ದರೆ ಪಾರ್ಲಿಮೆಂಟಿನಲ್ಲಿ ಯಾರಾದರೂ ಎದ್ದು ನಿಂತು ಕೇಳುತ್ತಿದ್ದರು.

ಎರಡು ಸಾವಿರದ ಏಳರ ಆ ಮೇಳದಲ್ಲಿ ಅದರ ಮೊದಲ ಓಟ. ಆದರೆ ಗಾಡಿ ಮುಗಿಯುವ ಹೊತ್ತಿಗೆ ಮಾಡಿದವರ ಕೈ ನಡುಗತೊಡಗಿತ್ತು. ಡಾಕ್ಟರು ಅದಕ್ಕೊಂದು ಹೆಸರನ್ನೂ ಒಂದಿಷ್ಟು ಮಾತ್ರೆಯನ್ನೂ ಕೊಟ್ಟಿದ್ದರು. ನಮ್ಮವರು ಎರಡನ್ನೂ ಯಾರಿಗೂ ಕಾಣದಂತೆ ಇಟ್ಟಿದ್ದರು. ಕಡಲೆಕಾಳಿನಷ್ಟು ಚಿಕ್ಕ ಚಕ್ರಗಳನ್ನು ಹಳಿಯ ಮೇಲೆ ಕೂರಿಸಲು ಅಕ್ಕಸಾಲಿಗನ ಕೈ ಬೇಕು. ಹಿಂದಿನ ದಿನ ಊಟದ ಮೇಜಿನ ಮೇಲೆ ಹಳಿ ಹಾಸಿ ನೋಡಿದಾಗ ಬೋಗಿಗಳೆಲ್ಲ ಮಗುಚಿಕೊಂಡು, ಒಂದು ಹೋಗಿ ಸಾರಿನ ಪಾತ್ರೆಗೆ ಒರಗಿತ್ತು.

"ನಾನು ಇಡ್ತೀನಿ ಬಿಡಿ," ಎಂದೆ ರೈಲಿನಲ್ಲಿ.

"ರೂಲ್ ಇದೆ ಕಣೆ. ಗಾಡಿ ಯಾರದೋ ಅವರೇ ಇಡಬೇಕು. ಬೇರೆಯವರ ಕೈ ತಾಗಿದ್ರೆ ಓಡಿಸೋ ಹಾಗಿಲ್ಲ, ಗಾಜಿನ ಬೀರುವಿನಲ್ಲಿ ಬರೀ ನೋಡೋಕೆ ಇಡೋದು."

"ಹಾಗಾದ್ರೆ ರೂಲ್ ಬರೆದ ಭಟ್ಟರಿಗೇ ಇರೋ ವಿಷಯ ಹೇಳಿ."

"ಹೇಳಿದ್ರೆ ಎಲ್ಲಾರೂ ನನ್ನ ಕೈ ನೋಡ್ತಾರೆ, ಗಾಡಿ ನೋಡಲ್ಲ. ಇವತ್ತು ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಬರೋದು ಬೇಡ. ಅಷ್ಟೇ, ಸುಮಿತ್ರ."

ಇವರು ಸುಮ್ಮನೆ ಹೆದರಿಸುವವರಲ್ಲ. ಸ್ಕೂಟರನ್ನೂ ಕೇರಂ ಆಟವನ್ನೂ ಹೀಗೆ ಒಂದೊಂದು 'ಅಷ್ಟೇ'ಯಲ್ಲಿ ಮುಗಿಸಿದ್ದರು. ಇನ್ನು ಉಳಿದಿದ್ದದ್ದು ಈ ಮೇಳವೊಂದೇ.

ರೂಲ್ ಬರೆದ ಪರಮೇಶ್ವರ ಭಟ್ಟರು ಕಾಸರಗೋಡಿನವರು, ನಿವೃತ್ತ ಸರ್ಕಾರಿ ವಕೀಲರು, ಈಗ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ವಾಸ. ಮೇಳದ ಕಾರ್ಯದರ್ಶಿ. ಅವರದು ಮುಂಬಯಿಯ ಪಾರಸಿಯೊಬ್ಬರಿಂದ ಕೊಂಡ ಅಮೆರಿಕದ ಎಂಜಿನ್ನು. ದನಗಳನ್ನು ಬದಿಗೆ ತಳ್ಳಲೆಂದು ಅದರ ಮುಂದೆ ಹಳಿಗೆ ತಾಗುವಷ್ಟು ತಗ್ಗಿನಲ್ಲಿ ಸರಳುಗಳ ಜಾಲರಿ ಇದೆ. ನಮ್ಮವರ ಗಾಡಿಯನ್ನು ಭಟ್ಟರು "ತಗಡು" ಎನ್ನುತ್ತಿದ್ದರು, ಭಟ್ಟರ ಗಾಡಿಯನ್ನು ನಮ್ಮವರು "ಅಂಗಡಿ ಸಾಮಾನು" ಎನ್ನುತ್ತಿದ್ದರು. ಹೀಗಾಗಿ ಸ್ನೇಹ ಗಟ್ಟಿಯಾಗಿತ್ತು.

ತಿಂಗಳ ಹಿಂದೆ ಸೆಕ್ರೆಟೇರಿಯಟ್‌ನಲ್ಲಿ ಏನೋ ಕೆಲಸವಿದೆಯೆಂದು ಬಂದಿದ್ದ ಭಟ್ಟರು ನಮ್ಮಲ್ಲಿ ಕಾಫಿ ಕುಡಿದು ಹೋಗಿದ್ದರು. ನಮ್ಮವರ ಕಡೆ ನೋಡಿ, "ಎಂತ ಮಾರಾಯ್ರೆ, ಲೋಟಕ್ಕಿಂತ ಬಟ್ಟಲಲ್ಲೇ ಕಾಫಿ ಹೆಚ್ಚು ಉಂಟಲ್ಲ?" ಎಂದಿದ್ದರು.

"ಆರಲಿ ಅಂತ," ಎಂದಿದ್ದರು ಇವರು.

ಭಟ್ಟರು ಮತ್ತೇನೂ ಕೇಳಿರಲಿಲ್ಲ. ವಕೀಲರು ಪ್ರಶ್ನೆ ನಿಲ್ಲಿಸಿದರೆ ಒಂದೋ ಉತ್ತರ ಸಿಕ್ಕಿರುತ್ತದೆ, ಇಲ್ಲವೇ ಊಟದ ಹೊತ್ತಾಗಿರುತ್ತದೆ. ಊಟದ ಹೊತ್ತೇ ಇರಬೇಕು ಎಂದುಕೊಂಡಿದ್ದೆ.

ಮ್ಯೂಸಿಯಂನ ನಡುವಿನ ದೊಡ್ಡ ಮೇಜಿನ ಮೇಲೆ ಹಳಿ ಸುತ್ತಿಕೊಂಡಿತ್ತು. ಹಳೆಯ ಸ್ಟೇಶನ್ ಗಂಟೆ ಬಾರಿಸಿ ಭಟ್ಟರು ಎದ್ದು ನಿಂತರು. ಅವರ ಕೈಯಲ್ಲಿ ಒಂದು ಮರದ ಸಾಧನವಿತ್ತು. ಮಕ್ಕಳ ಪಾರ್ಕಿನ ಜಾರುಬಂಡೆಯಂತೆಯೇ, ಗೇಣುದ್ದದ್ದು. ಎರಡೂ ಬದಿಗೆ ಗೋಡೆ, ನಡುವೆ ಚಕ್ರಕ್ಕೆಂದು ಕೊರೆದ ಗೀರುಗಳು. ಮೇಲಿಟ್ಟು ತಳ್ಳಿದರೆ ಗಾಡಿ ಜಾರಿ ತಾನಾಗಿ ಹಳಿಯ ಮೇಲೆ ಕೂರಬೇಕು.

"ನಾಲ್ಕನೇ ರೂಲಿಗೆ ತಿದ್ದುಪಡಿ," ಎಂದರು ಕೋರ್ಟಿನ ಇಂಗ್ಲಿಷಿನಲ್ಲಿ. "ಬೆರಳಿನ ಜಿಡ್ಡು ತಾಗಿ ಹಳಿಯಲ್ಲಿ ಕರೆಂಟು ಸರಿಯಾಗಿ ಹರಿಯುತ್ತಿಲ್ಲ. ಇನ್ನು ಮೇಲೆ ಯಾರೂ ಹಳಿಯ ಮೇಲೆ ಕೈಯಿಂದ ಗಾಡಿ ಇಡುವಂತಿಲ್ಲ. ಎಲ್ಲರೂ ಇದರ ಮೂಲಕವೇ."

"ಎಂತಾ ಸಾರೇ ಇದು!" ಎಂದು ಎಡಪ್ಪಳ್ಳಿಯ ಮೇರಿ ಟೀಚರ್ ಎದ್ದರು. "ನನ್ನದು ಕೀ ಕೊಡುವ ಗಾಡಿ. ಅದಕ್ಕೆ ಕರೆಂಟೇ ಬೇಡ."

"ಟೀಚರೇ, ಕಾನೂನಿನ ಮುಂದೆ ಎಲ್ಲ ಗಾಡಿಗಳೂ ಸಮಾನ."

ಮೊದಲ ಓಟ ಯಾವಾಗಲೂ ಕಾರ್ಯದರ್ಶಿಯದು. ಭಟ್ಟರು ಅಮೆರಿಕದ ಎಂಜಿನ್ನನ್ನು ಜಾರುಬಂಡೆಯ ಮೇಲಿಟ್ಟು ತಳ್ಳಿದರು. ಅದು ಗೋಡೆಗೆ ತಾಗುತ್ತ, ಆದರೂ ಗತ್ತಿನಿಂದ ಇಳಿದು, ಬುಡದಲ್ಲಿ ಮುಂದಿನ ಜಾಲರಿ ಹಳಿಗೆ ಸಿಕ್ಕಿಕೊಂಡು, ಮೂಗು ಊರಿ ನಿಂತಿತು. ಇನ್ನೊಮ್ಮೆ ತಳ್ಳಿದರು. ಇನ್ನೊಮ್ಮೆ ಮೂಗು ಊರಿತು. ಮ್ಯೂಸಿಯಂ ನಗುವಿನಿಂದ ತುಂಬಿತು. ನಾನೂ ನಕ್ಕೆ.

"ಸಾರೇ, ಇದೊಂದು ಸಲ ಕೈಯಲ್ಲೇ ಇಟ್ಟುಬಿಡಿ," ಎಂದರು ಮೇರಿ, ಕರುಣೆ ಬಂದು.

"ರೂಲ್ ಅಂದರೆ ರೂಲ್." ಭಟ್ಟರು ತಮ್ಮ ಎಂಜಿನ್ನನ್ನು ತಾವೇ ಒಯ್ದು ಗಾಜಿನ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. "ನೆಕ್ಸ್ಟ್. ಉಮಾಮಹೇಶ್ವರ."

ನಮ್ಮವರು ಪೆಟ್ಟಿಗೆ ತೆರೆದರು. ಎಂಜಿನ್ ಹಿಡಿದ ಕೈ ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು. ಹಿತ್ತಾಳೆ ಜಾರುಬಂಡೆಯ ಗೋಡೆಗೆ ಟಕಟಕ ಬಡಿದು, ಆಮೇಲೆ ಗೀರಿನೊಳಗೆ ಕೂತು, ಸರ್ರನೆ ಇಳಿಯಿತು. ಹಿಂದೆಯೇ ಬೋಗಿಗಳು. ಯಾರ ಕೈಯೇ ಆಗಲಿ, ಆ ಜಾರುಬಂಡೆಯ ಮೇಲೆ ಎಲ್ಲರ ಗಾಡಿಯೂ ಹೀಗೇ ತಡಬಡಿಸಿ ಇಳಿಯುವುದು. ನೋಡಲು ಏನೂ ವಿಶೇಷವಿರಲಿಲ್ಲ. ಚಾಮರಾಜನಗರದ ಗಾಡಿ ಕೊಚ್ಚಿಯಲ್ಲಿ ಹೊರಟಿತು. ತಿರುವಿನಲ್ಲಿ ಒಂದಿಷ್ಟು ಓಲಾಡಿತು, ನಿಜವಾದದ್ದು ಓಲಾಡುತ್ತಿದ್ದಂತೆಯೇ. ಮೇರಿ ಟೀಚರ್ ಬಗ್ಗಿ ಕಿಟಕಿಗಳೊಳಗೆ ಇಣುಕಿದರು. "ಅಯ್ಯೋ, ಒಳಗೆ ಸೀಟೂ ಇದೆ!" ಎಲ್ಲರೂ ಬಗ್ಗಿದರು. ಎಲ್ಲರೂ ನೋಡಿದ್ದು ಗಾಡಿಯನ್ನೇ.

ಭಟ್ಟರ ಹೆಂಡತಿ ಸುಶೀಲ ಬಂದು ನನ್ನ ಪಕ್ಕ ಕೂತು ಪಳಂಪೊರಿಯ ಪೊಟ್ಟಣ ಬಿಚ್ಚಿದರು. ಬಾಳೆಹಣ್ಣಿನ ಆ ಬಜ್ಜಿ ಇನ್ನೂ ಬೆಚ್ಚಗಿತ್ತು.

"ಪಾಪ, ನಿಮ್ಮ ಯಜಮಾನರ ಗಾಡಿ ಓಡಲೇ ಇಲ್ಲ," ಎಂದೆ.

"ಓಡುವುದಿಲ್ಲ ಅಂತ ಗೊತ್ತಿತ್ತಲ್ಲ, ಸುಮಿತ್ರಕ್ಕ. ಮನೆಯಲ್ಲೇ ಇಳಿಸಿ ನೋಡಿದ್ದರು. ಪ್ರತಿ ಸಲವೂ ಮೂಗು ಕುತ್ತಿತು. ಹಾಗಾದರೆ ಇದೆಲ್ಲ ಎಂತಕ್ಕೆ ಅಂತ ಕೇಳಿದೆ ನಾನು."

"ಏನಂದ್ರು?"

"'ಜಿಡ್ಡು' ಅಂದರು." ಸುಶೀಲ ಬೆರಳು ಒರೆಸಿಕೊಂಡರು. "ನಿಮ್ಮಲ್ಲಿ ಕಾಫಿ ಕುಡಿದು ಬಂದ ಮರುದಿನವೇ ಮರ ಕೊಯ್ಯಲಿಕ್ಕೆ ಕೂತರು. ಗರಗಸ ಹಿಡಿದು ಗೊತ್ತಿಲ್ಲದ ಜನ. ಫ್ಲ್ಯಾಟಿನವರೆಲ್ಲ ದೂರು ಕೊಟ್ಟರು."

ನಾನು ನಮ್ಮವರ ಕಡೆ ನೋಡಿದೆ. ಅವರು ತಮ್ಮ ಗಾಡಿಯನ್ನು ನೋಡುತ್ತಿರಲಿಲ್ಲ. ಜಾರುಬಂಡೆಯ ಇಳಿಜಾರಿನ ಮೇಲೆ ಬೆರಳಾಡಿಸಿ, ಗಾಜಿನ ಬೀರುವಿನತ್ತ ನೋಡಿ, ಮತ್ತೆ ಬೆರಳಾಡಿಸುತ್ತಿದ್ದರು. ಲೆಕ್ಕ ಮಾಡುವಾಗಿನ ಆ ಮುಖ ನನಗೆ ಗೊತ್ತು. ಉತ್ತರ ಸಿಕ್ಕಾಗಿನದೂ ಗೊತ್ತು.

"ಭಟ್ರೇ, ಬನ್ನಿ ಇಲ್ಲಿ," ಎಂದರು. ಗಾಡಿ ನಿಂತಿತ್ತು. ಖಾಲಿ ಶೂ ಪೆಟ್ಟಿಗೆ ಚಾಚಿದರು. "ಇದನ್ನ ಎತ್ತಿ ಒಳಗಿಡಿ."

ಮೇರಿ ಟೀಚರ್ ಕೀ ತಿರುಗಿಸುವುದನ್ನು ನಿಲ್ಲಿಸಿದರು. ಈ ಮೇಳದವರಲ್ಲಿ ಯಾರೂ ತಮ್ಮ ಎಂಜಿನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ನಾನಂತೂ ಕಂಡಿರಲಿಲ್ಲ.

"ನಾನಾ? ಆದರೆ ನಾಲ್ಕನೇ ರೂಲು…"

"ರೂಲು ಹಳಿಗೆ ಇಡೋದಕ್ಕೆ. ಪೆಟ್ಟಿಗೆಗೆ ಇಡೋದಕ್ಕೆ ಏನೂ ಬರೆದಿಲ್ಲ."

ಭಟ್ಟರು ಎರಡೂ ಕೈಯನ್ನು ಉಟ್ಟಿದ್ದ ಮುಂಡಿಗೆ ಒರೆಸಿಕೊಂಡರು. ಸಾಲದೆಂದು ಮತ್ತೊಮ್ಮೆ ಒರೆಸಿಕೊಂಡರು. ಎಂಜಿನ್ನನ್ನು ಎತ್ತಿ, ಅಡಿಯನ್ನೂ ನೋಡಿ, ಹತ್ತಿಯ ಮೇಲೆ ಇಳಿಸಿದರು.

"ಭಾರ ಉಂಟು ಮಾರಾಯ್ರೆ," ಎಂದರು. "ತಗಡು ಅಂತ ಹೇಳಿದ್ದು ನಾನು ವಾಪಸ್ ತಗೊಂಡೆ."

"ನಿಮ್ಮ ಜಾರುಬಂಡೆ ಬಹಳ ಕಡಿದು. ಬುಡದಲ್ಲಿ ಸ್ವಲ್ಪ ಬಾಗಿಸಿದ್ರೆ ನಿಮ್ಮ ಅಮೆರಿಕಾ ಗಾಡೀನೂ ಇಳಿಯುತ್ತೆ. ಮುಂದಿನ ವರ್ಷಕ್ಕೆ ಬೇರೆ ಮಾಡೋಣ. ಲೆಕ್ಕ ನಂದು, ಮರ ಕೊಯ್ಯೋದು ನಿಮ್ಮದು."

"ಆಗ್ತದೆ," ಎಂದರು ಭಟ್ಟರು, ಬೇರೆಲ್ಲೋ ನೋಡುತ್ತಾ. "ಜಿಡ್ಡಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ."

"ಬೇಡ. ಅದು ಹಾಗೇ ಇರಲಿ."

ಮುಂದಿನ ವರ್ಷ ಎಂದಿದ್ದರು. ಪಕ್ಕದಿಂದ ಸುಶೀಲ ಪೊಟ್ಟಣ ಚಾಚಿ, "ತಿನ್ನಿ ಸುಮಿತ್ರಕ್ಕ, ಆರಿ ಹೋಗ್ತದೆ," ಎಂದರು. ನಾನು ದೊಡ್ಡದೊಂದನ್ನು ಆರಿಸಿ ಇಡಿಯಾಗಿ ಬಾಯಿಗಿಟ್ಟುಕೊಂಡೆ. ಬಾಯಿ ತುಂಬಿದ್ದರೆ ಏನೂ ಹೇಳಬೇಕಾಗುವುದಿಲ್ಲ.