ಪಿನ್ ಕೂತಿತು, ಜೋಡಿ ಕೂಡಲಿಲ್ಲ

ಭಜನೆಯ ಹೊತ್ತಿಗೇ ಕರೆಂಟ್ ಹೋಗುವುದು ಗೋವಿನಕೋವಿ ಊರಿಗೆ ಹೊಸದಲ್ಲ. ಅದಕ್ಕೇ ಭಜನಾ ಮಂಡಳಿಯವರು ಬ್ಯಾಟರಿ ಸ್ಪೀಕರ್ ಇಟ್ಟುಕೊಂಡಿದ್ದರು. ಅದರ ಹಳೆಯ ಲೆಡ್ ಆಸಿಡ್ ಬ್ಯಾಟರಿ ಕೆಟ್ಟಾಗ ನ್ಯಾಮತಿಯಲ್ಲಿ ಹಗುರವಾದ ಲಿಥಿಯಂ ಬ್ಯಾಟರಿ ಹಾಕಿಸಿದರು. ಹೊಸ ಚಾರ್ಜರ್ ಮಾತ್ರ ಬೇಡ, ಹಳೆಯದೇ ಸಾಕು ಎಂದರು ಮಂಡಳಿಯ ಹಿರಿಯ ಬಸವರಾಜಪ್ಪ.

ಸ್ಪೀಕರ್ ಇರುತ್ತಿದ್ದುದು ಅವರ ಮನೆಯ ದೇವರ ಕೋಣೆಯಲ್ಲಿ. ಭಜನೆಗೆ ತಾಳ ಹಾಕುವವರು ಅವರ ಹೆಂಡತಿ ಕಲ್ಲಮ್ಮ. ಚಾರ್ಜಿಗಿಟ್ಟಾಗಲೂ ಅದಕ್ಕೆ ತೊಳೆದ ವಸ್ತ್ರ ಹೊದಿಸುತ್ತಿದ್ದರು.

ಪಕ್ಕದ ಮನೆಯ ರೂಪಶ್ರೀ ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಮನೆಗೆ ಬಂದವಳು ಸ್ಪೀಕರ್ ಚಾರ್ಜಿಗಿದ್ದುದನ್ನು ನೋಡಿ ನಿಂತಳು.

“ದೊಡ್ಡಪ್ಪ, ಇದು ಹಳೇ ಚಾರ್ಜರ್ ಅಲ್ಲೇನ್ರಿ? ಲಿಥಿಯಂಗೆ ಹಾಕಬಾರದು.”

“ಪಿನ್ ಸರಿಯಾಗಿ ಕೂತೈತಲ್ಲವ್ವ. ಎರಡರ ಮೇಲೂ ಹನ್ನೆರಡು ವೋಲ್ಟ್ ಅಂತಾನೇ ಬರ್ದೈತೆ.”

“ಪಿನ್ ಕೂತ್ರೆ ಜೋಡಿ ಆಗಲ್ಲ. ಬ್ಯಾಟರಿ ತುಂಬಿದ ಮೇಲೂ ಇದು ತುಂಬ್ತಾನೇ ಇರತೈತೆ. ಉಬ್ಬಿ ಬೆಂಕಿ ಹತ್ತತೈತೆ. ಮೇಲೆ ಬಟ್ಟೆ ಬೇರೆ.”

“ದೇವರ ಸಾಮಾನು ಕಣವ್ವ, ಧೂಳು ಕೂರಬಾರದು,” ಎಂದರು ಕಲ್ಲಮ್ಮ.

ಬಸವರಾಜಪ್ಪ ನಕ್ಕರು. “ನಿಮ್ಮಂಗಡಿ ಚಾರ್ಜರ್ ಮಾರಾಕೆ ನಮ್ಮನ್ನ ಹೆದರಿಸ್ತೀಯೇನು?”

ರೂಪಶ್ರೀ ಹೊರಟುಹೋದಳು.

ಮುಂದಿನ ಸೋಮವಾರ ಸಂಜೆ ವಸ್ತ್ರದಡಿಯಿಂದ ಹೊಗೆ ಎದ್ದಿತು. ಹಿಂದೆಯೇ ಬ್ಯಾಟರಿ ಸಿಡಿಯಿತು. ಉರಿಯುವ ವಸ್ತ್ರವನ್ನು ಕಲ್ಲಮ್ಮ ಬರಿಗೈಯಲ್ಲಿ ಎಳೆದರು. ದೇವರ ಕೋಣೆ ಉಳಿಯಲಿಲ್ಲ. ಅವರ ಬಲಗೈ ಬೆರಳುಗಳು ಇನ್ನು ಮಡಚುವುದಿಲ್ಲ ಎಂದರು ಆಸ್ಪತ್ರೆಯಲ್ಲಿ.

ಮನೆಗೆ ಬಂದ ಮೇಲೆ ಬಸವರಾಜಪ್ಪ ರೂಪಶ್ರೀಯನ್ನು ಕರೆಸಿದರು. “ಈಗ ಹೇಳವ್ವ. ಕೇಳ್ತೀನಿ.”

ಅವಳು ಹಳೆಯ ಮಾತು ಎತ್ತಲಿಲ್ಲ. “ಇನ್ವರ್ಟರ್ ಇದ್ರೆ ಅದರ ಬ್ಯಾಟರಿ ಗಾಳಿಯಾಡೋ ಕಡೆ ಇಡ್ರಿ. ಚಾರ್ಜ್ ಆಗುವಾಗ ಹತ್ತಿಕೊಳ್ಳೋ ಗ್ಯಾಸ್ ಬರತೈತೆ. ದೀಪ, ಬೀಡಿ ಹತ್ರ ತರಬ್ಯಾಡ್ರಿ. ಭಜನೆ ಮೈಕಿನ ಚಾರ್ಜ್ ಆಗೋ ಸೆಲ್ಲಿಗೆ ಅದರದೇ ಚಾರ್ಜರ್. ಒಂದು ಸಲ ಬಳಸಿ ಬಿಸಾಡೋ ಸೆಲ್ಲನ್ನ ಆ ಚಾರ್ಜರಿನಾಗೆ ಹಾಕಬ್ಯಾಡ್ರಿ. ಲಿಥಿಯಂ ಆದ್ರೆ ಬರೀ ಕಲ್ಲಿನ ಮೇಲೆ, ನೀವು ಎದ್ದಿರುವಾಗ, ಕಣ್ಣೆದುರಿಗೇ ಚಾರ್ಜಿಗಿಡ್ರಿ. ತುಂಬಿದ ಕೂಡಲೇ ತೆಗೀರಿ. ಉಬ್ಬಿದ್ದನ್ನ ಮತ್ತೆ ಚಾರ್ಜಿಗೆ ಇಡಲೇಬ್ಯಾಡ್ರಿ. ಬ್ಯಾಟರಿಗೂ ಅದರ ಚಾರ್ಜರಿಗೂ ಒಂದೇ ಬಣ್ಣದ ದಾರ ಕಟ್ರಿ, ಅದಲುಬದಲು ಆಗಲ್ಲ.”

ಬಸವರಾಜಪ್ಪ ಮೈಕಿನ ಚಾರ್ಜರಿಗೆ ದಾರ ಸುತ್ತಿದರು. ಗಂಟು ಹಾಕಲು ಕಲ್ಲಮ್ಮ ಎಂದಿನಂತೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು.

“ನೀನೇ ಹಾಕವ್ವ,” ಎಂದರು ರೂಪಶ್ರೀಗೆ.

ಆ ವಾರದ ಭಜನೆ ಅಂಗಳದಲ್ಲಿ ನಡೆಯಿತು. ಪದ ಎಲ್ಲರಿಗೂ ಬಂತು. ತಾಳ ಬರಲಿಲ್ಲ.

ಓದುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈಗ ಏನೋ ಒಂದು ಚಾರ್ಜಿಗಿದ್ದೀತು. ಎದ್ದು ಹೋಗಿ, ಅದರ ಮೇಲೆ ಬಟ್ಟೆ ಇದ್ದರೆ ತೆಗೆಯಿರಿ. ಚಾರ್ಜರ್ ಅದರದೇ ಹೌದೋ ನೋಡಿ. ಈ ಹಾಳೆಯನ್ನು ಆಮೇಲೆ ಮಡಚಿಡಿ, ಮಡಚುವ ಬೆರಳುಗಳು ನಿಮಗಿನ್ನೂ ಇವೆ.