ಹತ್ತು ಬೆಡ್‌ಶೀಟುಗಳ ಸ್ಲೈಡ್ ಶೋ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಒಗೆಸಿದ ಮೇಸ್ತ್ರಿಗೆ ರಕ್ತದ ಕಲೆ ಗೊತ್ತಿತ್ತು, ಅಯೋಡಿನ್ ಕಲೆ ಗೊತ್ತಿತ್ತು. ಸ್ಲೈಡ್ ಮಾಡುವುದು ಮಾತ್ರ ಗೊತ್ತಿರಲಿಲ್ಲ. ಆದರೆ ಮೇಲಿನ ಮಹಡಿಯಿಂದ ಪತ್ರ ಬಂದಿತ್ತು: ‘ಕಲೆಗಳು ಹೋಗುತ್ತಿಲ್ಲವೆಂದು ದೂರು ಬಂದಿದೆ. ಒಗೆಯುವ ಕೆಲಸವನ್ನು ಹೊರಗಿನವರಿಗೆ ಏಕೆ ಕೊಡಬಾರದು? ಬುಧವಾರ ಹತ್ತು ಸ್ಲೈಡುಗಳಲ್ಲಿ ವಿವರಿಸಿ.’ ಹನ್ನೊಂದು ಜನರ ಅನ್ನ ಈಗ ಹತ್ತು ಸ್ಲೈಡುಗಳ ಮೇಲೆ ನಿಂತಿತ್ತು.

ಊರೆಲ್ಲ ಬಳಸುವ ಸ್ಲೈಡ್ ಸಾಫ್ಟ್‌ವೇರ್ ಲಾಂಡ್ರಿಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಲೈಸೆನ್ಸ್ ಮುಗಿದಿದೆ ಎಂದಿತು. ಮೇಸ್ತ್ರಿ ಮಗಳಿಗೆ ಫೋನು ಮಾಡಿದ.

“ಅದೊಂದೇನಾ ಇರೋದು, ಅಪ್ಪಾ? ಪುಕ್ಕಟೆ ಸಿಗೋವು ಬೇಕಾದಷ್ಟಿವೆ,” ಎಂದು ಅವಳು ಮೂರರ ಹೆಸರು ಹೇಳಿದಳು.

ಮೊದಲನೆಯದರಲ್ಲಿ ಅವನ ಅಕ್ಷರಗಳೆಲ್ಲ ಚೌಕಗಳಾಗಿಬಿಟ್ಟವು. ಎರಡನೆಯದಕ್ಕೆ ಇಂಟರ್ನೆಟ್ ಬೇಕು. ಬಿಸಿಲೇ ಬರದ ನೆಲಮಾಳಿಗೆಗೆ ಇಂಟರ್ನೆಟ್ ಎಲ್ಲಿಂದ ಬರಬೇಕು? ಮೂರನೆಯದು ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವಾಗ ಗಿರಗಿರನೆ ತಿರುಗಿ ಲಾಗ ಹಾಕುತ್ತಿತ್ತು. ತಲೆಸುತ್ತು ಬಂದು ಮೇಸ್ತ್ರಿ ಕುರ್ಚಿಗೆ ಒರಗಿ ಮೇಲೆ ನೋಡಿದ.

ಮೇಲೆ ಕೊಕ್ಕೆಗಳ ಹಳಿಯಿತ್ತು. ಒಣಗಿದ ಬಟ್ಟೆಗಳನ್ನು ಮಡಿಸುವ ಕೋಣೆಗೆ ತರುವ ಹಳಿ ಅದು. ಗುಂಡಿ ಒತ್ತಿದರೆ ಒಂದು ಬಟ್ಟೆ ಮುಂದೆ ಬಂದು ನಿಲ್ಲುತ್ತದೆ, ಮತ್ತೊಮ್ಮೆ ಒತ್ತಿದರೆ ಇನ್ನೊಂದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಕ್ಕೆ ಅವನು ತನ್ನನ್ನೇ ಬೈದುಕೊಂಡ.

ಮಂಗಳವಾರ ಬೆಳಗ್ಗೆ ಹತ್ತು ಬಿಳಿ ಬೆಡ್‌ಶೀಟುಗಳ ಮೇಲೆ, ಅಳಿಸಲಾಗದ ಶಾಯಿಯ ಮಾರ್ಕರಿನಲ್ಲಿ, ದಪ್ಪಕ್ಷರದಲ್ಲಿ ಬರೆದು ಹಳಿಗೆ ನೇತುಹಾಕಿದ. ಮಧ್ಯಾಹ್ನ ಆಡಳಿತದ ಮೇಡಂ ಕೆಳಗಿಳಿದು ಬಂದರು. ಸ್ಲೈಡುಗಳನ್ನು ಹಿಂದಿನ ದಿನವೇ ನೋಡಿ ಸಹಿ ಹಾಕುವುದು ಅವರ ಪದ್ಧತಿ. ಬೆಡ್‌ಶೀಟುಗಳನ್ನು ಕಂಡು ಹುಬ್ಬೇರಿಸಿದರೂ ಪದ್ಧತಿ ಬಿಡಲಿಲ್ಲ. ಅದೇ ಮಾರ್ಕರಿನಲ್ಲಿ ಹತ್ತೂ ಶೀಟುಗಳ ಮೂಲೆಗೆ ಉದ್ದನೆಯ ಸಹಿ ಎಳೆದರು.

ಆ ದಿನ ಚಿಕ್ಕಮ್ಮ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದಳು. ಲಾಂಡ್ರಿಯವರಿಗೆಲ್ಲ ಅವಳು ಚಿಕ್ಕಮ್ಮ. ಕಲೆ ತೆಗೆಯುವುದು ಅವಳ ಕೆಲಸ. ಮೂವತ್ತು ವರ್ಷದಲ್ಲಿ ಕಲೆ ಉಳಿದ ಒಂದು ಬಟ್ಟೆಯೂ ಅವಳ ಕೈ ದಾಟಿ ಹೋಗಿರಲಿಲ್ಲ.

ಬುಧವಾರ ಮೇಡಂ ಇಬ್ಬರು ಹಿರಿಯ ಡಾಕ್ಟರುಗಳೊಂದಿಗೆ ಮಡಿಸುವ ಕೋಣೆಯಲ್ಲಿ ಕುಳಿತರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದ. ಬೆಡ್‌ಶೀಟು ಬಂತು. ಹಾಲಿನಷ್ಟು ಬಿಳಿ. ಮತ್ತೆ ಒತ್ತಿದ. ಅದೂ ಬಿಳಿ. ಮೂರನೆಯದನ್ನು ಹಿಂದುಮುಂದು ತಿರುಗಿಸಿ ನೋಡಿದ. ಹತ್ತನೆಯದರವರೆಗೂ ಎಲ್ಲವೂ ಬಿಳಿ. ಮೂರು ದಿನದ ಒದ್ದಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

“ಏನ್ರೀ ಮೇಸ್ತ್ರಿ, ಎಲ್ಲಿ ಬರಹ?” ಎಂದರು ಮೇಡಂ.

ಹಿಂದಿನಿಂದ ಚಿಕ್ಕಮ್ಮ ಊದಿದ ಕೆನ್ನೆ ಹಿಡಿದುಕೊಂಡೇ ಮುಂದೆ ಬಂದಳು. “ನಾನೊಂದಿನ ರಜೆ ಹಾಕಿದ್ರೆ ಇಲ್ಲಿ ಹೇಳೋರು ಕೇಳೋರು ಇಲ್ಲ ನೋಡಿ! ಯಾವನೋ ಪೆದ್ದ ಹತ್ತು ಶೀಟಿಗೂ ಮಾರ್ಕರಲ್ಲಿ ಗೀಚಿಟ್ಟಿದ್ದ. ಬೆಳಗ್ಗೆ ಬಂದು ಎಲ್ಲಾ ತೆಗೆದು ಮತ್ತೆ ನೇತುಹಾಕಿದೆ. ಮೂಲೆಲೊಂದು ಜಿಲೇಬಿ ಬೇರೆ ಸುತ್ತಿದ್ದ, ಅದೊಂದು ಸ್ವಲ್ಪ ಹಟ ಮಾಡ್ತು.”

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಹನ್ನೊಂದು ಜನರ ಮುಖಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಮೇಡಂ ಎದ್ದು ಬಂದು ಮೊದಲ ಶೀಟಿನ ಮೂಲೆ ಹಿಡಿದು ಬೆಳಕಿಗೆ ಒಡ್ಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಉಗುರಿನಿಂದ ಉಜ್ಜಿದರು. ಹತ್ತೂ ಶೀಟುಗಳಲ್ಲಿ ತಮ್ಮ ಸಹಿ ಹುಡುಕಿ ಸೋತು, ಡಾಕ್ಟರುಗಳ ಕಡೆ ತಿರುಗಿದರು.

“ನಿನ್ನೆ ನಾನೇ ಹಾಕಿದ್ದೆ, ಅದೂ ಅಳಿಸದಿರೋ ಶಾಯೀಲಿ. ಇವರಿಗಿಂತ ಚೆನ್ನಾಗಿ ಒಗೆಯೋರನ್ನ ಹೊರಗೆಲ್ಲಿ ಹುಡುಕೋದು? ಲಾಂಡ್ರಿ ಇಲ್ಲೇ ಇರಲಿ,” ಎಂದು ಜೇಬಿನಿಂದ ಪೆನ್ನು ತೆಗೆದು, ಅಭ್ಯಾಸಬಲದಿಂದ, ಎದುರಿಗಿದ್ದ ಶೀಟಿಗೇ ಕೈ ಹಾಕಿದರು.

ಚಿಕ್ಕಮ್ಮ ಶೀಟನ್ನು ಸರಕ್ಕನೆ ಎಳೆದುಕೊಂಡಳು. “ಇದರ ಮೇಲೆ ಬೇಡ ತಾಯಿ, ನಿಮ್ಮ ದಮ್ಮಯ್ಯ. ಕಾಗದದ ಮೇಲೆ ಹಾಕಿ.”