ದಿಂಬಿನ ಬಸುರಿ

"ಬಕೀಟು ಎತ್ಕಂಡು ಹಿಂದಕ್ಕೆ ಸಾಯೇ, ಮುಂಡೇದೆ! ಗೋಡೆ ಮೇಲೆ ಮನುಷ್ಯರ ಬಗ್ಗೆ ಬ್ಯಾನರ್ ಅಂಟುಸ್ತಾವ್ರೆ, ಕಣ್ಣು ಕಾಣಲ್ವಾ?"

ಸೂಪರ್‌ವೈಸರ್ ದ್ಯಾವಪ್ಪ ಹೀಗೆ ಕೂಗಿದಾಗ ಪುಟ್ಟಗಂಗಮ್ಮನ ಎರಡೂ ಕೈಯಲ್ಲಿ ಹೆರಿಗೆಯ ರಕ್ತ ಹಿಡಿದ ಬಟ್ಟೆಗಳಿದ್ದವು. ಬಕೀಟನ್ನು ಕಾಲಿನಿಂದಲೇ ಮೂಲೆಗೆ ತಳ್ಳಿದಳು. ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಯ ಆ ಧರ್ಮಾಸ್ಪತ್ರೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಗುತ್ತಿಗೆ ಆಯಾ. ಹೆತ್ತವರ ರಕ್ತ, ಹುಟ್ಟಿದವರ ಹೇಲು, ಸತ್ತವರ ಹಾಸಿಗೆ ಎಲ್ಲವೂ ಅವಳ ಪಾಲು. ಆ ಕೆಲಸಕ್ಕೆ ಅವಳ ಕೇರಿಯವರನ್ನು ಬಿಟ್ಟು ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ, ಕರೆದರೂ ಬರುತ್ತಿರಲಿಲ್ಲ.

ಗೋಡೆಗೆ ಏರುತ್ತಿದ್ದ ಬ್ಯಾನರಿನಲ್ಲಿ 'ಮನುಷ್ಯನೇ ಕೇಂದ್ರ' ಎಂದು ಬರೆದಿತ್ತು. ರೋಗಿಗಳಿಗೂ ಕೆಲಸಗಾರರಿಗೂ ಒಗ್ಗುವಂತೆ ಆಸ್ಪತ್ರೆಯನ್ನು ಹೊಸದಾಗಿ ಡಿಸೈನ್ ಮಾಡಿಸುತ್ತೇವೆಂದು ಫಾರಿನ್ನಿನ ಒಂದು ಸಂಸ್ಥೆ ಬೆಂಗಳೂರಿನಿಂದ ತಂಡ ಕಳಿಸಿತ್ತು. ಅದು ಎರಡು ಸಾವಿರದ ಎಂಟನೇ ಇಸವಿ. ಮನುಷ್ಯರನ್ನು ಕೇಂದ್ರಕ್ಕೆ ತರುವುದಕ್ಕೆ ಜಾಗ ಸಾಲದೆ, ಅವತ್ತು ಹೊರರೋಗಿಗಳನ್ನೆಲ್ಲ ಸೈಕಲ್ ಸ್ಟ್ಯಾಂಡಿಗೆ ಕಳಿಸಿದ್ದರು.

ಸಭೆ ಶುರುವಾದ ಮೇಲೆ ತಂಡದ ಮುಖ್ಯಸ್ಥೆ ಶಾಂತಲಾ ಬಾಗಿಲಾಚೆ ನಿಂತಿದ್ದ ಪುಟ್ಟಗಂಗಮ್ಮನನ್ನು ಕಂಡು ಒಳಗೆ ಕರೆದಳು. ಮೂವತ್ತರ ಹುಡುಗಿ, ಖಾದಿ ಕುರ್ತಾ, ಮುಖದಲ್ಲಿ ನಿಜವಾದ ಅಕ್ಕರೆ. "ಕೂತ್ಕೊಳ್ಳಿ ಅಮ್ಮ," ಎಂದು ಕುರ್ಚಿ ಎಳೆದಳು.

"ಪರವಾಗಿಲ್ಲ ಮೇಡಂ, ಅವಳಿಗೆ ನಿಂತೇ ಅಭ್ಯಾಸ," ಎಂದು ಆಡಳಿತಾಧಿಕಾರಿ ಲಕ್ಷ್ಮೀಕಾಂತ್ ನಕ್ಕ. ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ಪುಟ್ಟಗಂಗಮ್ಮನಿಗೆ ಬಂದದ್ದು ಔಷಧಿ ಅಳೆಯುವ ಪ್ಲಾಸ್ಟಿಕ್ ಲೋಟದಲ್ಲಿ.

ಶಾಂತಲಾ ಹಳದಿ ಚೀಟಿ ಹಿಡಿದು ಕೇಳಿದಳು: "ಕೆಲಸ ಮಾಡುವಾಗ ನಿಮಗೆ ಏನು ಫೀಲ್ ಆಗುತ್ತೆ?"

"ಸೊಂಟ ನೋಯ್ತದೆ."

"ಅಲ್ಲ, ಮನಸ್ಸಿನಲ್ಲಿ?"

"ಮನಸ್ನಾಗೂ ಸೊಂಟದ್ದೇ ಯೋಚ್ನೆ ಕಣವ್ವ. ಹೆರಿಗೆ ರೂಮು ಮಹಡಿ ಮೇಲೈತೆ. ಅಲ್ಲಿ ನಲ್ಲಿ ಕೆಟ್ಟು ಏಳು ತಿಂಗ್ಳಾತು. ಕೆಳಗ್ಲ ತೊಟ್ಟಿಯಿಂದ ಮೂವತ್ತೆರಡು ಮೆಟ್ಲು ನೀರು ಹೊರ್ತೀನಿ. ಒಂದ್ ನಲ್ಲಿ ಹಾಕ್ಸಿ, ಸಾಕು."

"ನಲ್ಲಿ ಮೇಂಟೆನೆನ್ಸ್‌ನೋರ್ದು. ಇದು ಡಿಸೈನ್ ಮೀಟಿಂಗು," ಎಂದು ಲಕ್ಷ್ಮೀಕಾಂತ್ ಹಲ್ಲು ಕಚ್ಚಿದ. ಶಾಂತಲಾ ತಲೆಯಾಡಿಸುತ್ತ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಪಕ್ಕದಲ್ಲಿದ್ದ ನರ್ಸ್ ಶಕುಂತಲಮ್ಮ ಅದನ್ನು ಪುಟ್ಟಗಂಗಮ್ಮನಿಗೆ ಓದಿ ಹೇಳಿದಳು: "'ನೀರಿನ ಜೊತೆ ಸಿಬ್ಬಂದಿಗೆ ಭಾವನಾತ್ಮಕ ನಂಟು ಇದೆ' ಅಂತ ಬರ್ದವ್ರೆ ಕಣೇ."

"ನಂಟಸ್ತನಕ್ಕೆ ಬೆಂಕಿ ಬೀಳ," ಎಂದು ಪುಟ್ಟಗಂಗಮ್ಮ ಆ ಲೋಟದ ಕಾಫಿಯನ್ನು ಕಿಟಕಿಯಾಚೆ ಚೆಲ್ಲಿದಳು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡ ಕಾರ್ಯಕ್ರಮ. ರೋಗಿಯ ಕಷ್ಟ ತಿಳಿಯಬೇಕಾದರೆ ರೋಗಿಯೇ ಆಗಬೇಕಂತೆ. ಅದಕ್ಕೆ ಶಾಂತಲಾ ಹೊಟ್ಟೆಗೊಂದು ದಿಂಬು ಇಟ್ಟು ದುಪಟ್ಟಾ ಬಿಗಿದು ಬಸುರಿಯಾದಳು. ಗೇಟಿನಿಂದ ಇಳಿಜಾರಿನ ದಾರಿ ಹತ್ತಿಸಿ ಮಹಡಿಯ ಹೆರಿಗೆ ರೂಮಿನವರೆಗೆ ಅವಳನ್ನು ಟ್ರಾಲಿಯಲ್ಲಿ ತಳ್ಳಬೇಕು. ಫಾರಿನ್ನಿನ ಇಬ್ಬರು ಅತಿಥಿಗಳು, ಒಬ್ಬ ಫೋಟೋದವನು ಹಿಂದೆ ಬರುತ್ತಾರೆ. ಟ್ರಾಲಿ ಹೋಗುವ ದಾರಿಗೆಲ್ಲ ಫಿನಾಯಿಲ್ ಸುರಿದಿದ್ದರು, ಕೆಮ್ಮುವವರನ್ನು ಹಿತ್ತಲಿಗೆ ಅಟ್ಟಿದ್ದರು. ಇದ್ದ ಎರಡು ಟ್ರಾಲಿಗಳಲ್ಲಿ ಒಂದರ ಚಕ್ರ ಕಳಚಿ ತಿಂಗಳುಗಳಾಗಿದ್ದವು. ನೆಟ್ಟಗಿದ್ದ ಇನ್ನೊಂದಕ್ಕೆ ಹೊಸ ಬೆಡ್‌ಶೀಟು ಹಾಸಿ ಲಕ್ಷ್ಮೀಕಾಂತ್ ಪುಟ್ಟಗಂಗಮ್ಮನನ್ನು ಎಚ್ಚರಿಸಿದ: "ನೀನು ಬರೀ ತಳ್ಳು. ಬಾಯಿ ಬಿಟ್ಟೆ ಅಂದ್ರೆ ಚಪ್ಪಲೀಲಿ ಹೊಡೀತೀನಿ. ಫೋಟೋದಲ್ಲಿ ನಿನ್ನ ಕೈ ಕಂಡ್ರೆ ಸಾಕು, ಮುಖ ಬೇಡ."

ಪುಟ್ಟಗಂಗಮ್ಮ ತಳ್ಳಿದಳು. ಹನ್ನೊಂದು ವರ್ಷದಲ್ಲಿ ಅವಳು ತಳ್ಳಿದ ಬಸುರಿಯರಲ್ಲಿ ಮಲಗಿಕೊಂಡು ನೋಟ್ಸ್ ಬರೆದವಳು ಇವಳೊಬ್ಬಳೇ. "ಸೀಲಿಂಗ್ ತುಂಬಾ ಒಂಟಿ ಅನಿಸುತ್ತೆ," ಎಂದು ಶಾಂತಲಾ ಮೇಲೆ ನೋಡುತ್ತ ಹೇಳಿದಳು. "ಇಲ್ಲೊಂದು ಆಕಾಶದ ಚಿತ್ರ ಬರೆಸಬೇಕು."

ಅಷ್ಟರಲ್ಲಿ ಗೇಟಿನೊಳಗೆ ಒಂದು ಆಟೋ ಬಂದು ಗಕ್ಕನೆ ನಿಂತಿತು. ಗುಬ್ಬಿಯಿಂದ ಬಂದ ಶರೀಫುನ್ನೀಸಾ, ತುಂಬು ಬಸುರಿ ಸೊಸೆ ಅಂಬ್ರೀನಳನ್ನು ಕಂಕುಳಿಗೆ ಕೈ ಕೊಟ್ಟು ಇಳಿಸಿದಳು. ಅಂಬ್ರೀನ್ ಎರಡು ಹೆಜ್ಜೆ ಇಟ್ಟು ಮೆಟ್ಟಿಲ ಮೇಲೆ ಕುಸಿದಳು. ಹೊಳೆಯುತ್ತಿದ್ದ ನೆಲದ ಮೇಲೆ ರಕ್ತ ಹರಿಯಿತು.

"ಯಾ ಅಲ್ಲಾ! ಗಾಡಿ ಕೊಡಿ ಅಣ್ಣಾ, ರಕ್ತ ನಿಲ್ತಾನೇ ಇಲ್ಲ!"

"ಗಾಡಿ ಬಿಜಿ ಐತಮ್ಮ," ಎಂದ ದ್ಯಾವಪ್ಪ, ಒರೆಸಿದ ನೆಲ ಕೆಟ್ಟಿತೆಂದು ಮುಖ ಸಿಂಡರಿಸುತ್ತ. "ದೊಡ್ಡೋರು ಬಂದವ್ರೆ. ಹತ್ತು ನಿಮಿಷ ಸುಮ್ಕಿರಿ."

ಪುಟ್ಟಗಂಗಮ್ಮ ಟ್ರಾಲಿ ನಿಲ್ಲಿಸಿದಳು. "ಸಾ, ಆ ಹೆಣ್ಮಗಳ್ನ ನೋಡಿ. ಗಾಡಿ ಕೊಡನ."

"ತಳ್ಳೇ," ಎಂದ ಲಕ್ಷ್ಮೀಕಾಂತ್ ತುಟಿ ಅಲುಗಿಸದೆ. ಅತಿಥಿಗಳ ಕಡೆ ತಿರುಗಿದ್ದ ಅವನ ಮುಖದಲ್ಲಿ ನಗು ಹಾಗೇ ಇತ್ತು. "ಇದು ಮುಗೀಲಿ. ಆಮೇಲೆ ನೋಡೋಣ."

ಅಂಬ್ರೀನ್ ಕೂಗಲಿಲ್ಲ. ಕೂಗುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ಕೂಗದ ಬಸುರಿಯರ ಗತಿ ಏನಾಗುತ್ತದೆ ಎಂದು ಅಂಥವರ ಹಾಸಿಗೆಬಟ್ಟೆ ಒಗೆದ ಪುಟ್ಟಗಂಗಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಶಾಂತಲಾಳ ತೋಳು ಹಿಡಿದಳು.

"ಇಳಿಯವ್ವ."

ಶಾಂತಲಾ ಕಣ್ಣರಳಿಸಿದಳು. "ಇದೂ ಪೇಷೆಂಟ್ ಅನುಭವಾನಾ?"

"ಊಂ ಕಣವ್ವ, ಇದೇ. ಇಳಿ!"

ಮಾತು ಮುಗಿಯುವ ಮೊದಲೇ ಬೆಡ್‌ಶೀಟು ಸಮೇತ ಎಳೆದಿದ್ದಳು. ದಿಂಬಿನ ಬಸುರಿ ಫಿನಾಯಿಲ್ ನೆಲದ ಮೇಲೆ ಪಚಕ್ಕನೆ ಕೂತಳು. "ಏಯ್ ಬೋಳಿ, ತಲೆ ಕೆಡ್ತೇನೇ ನಿಂಗೆ?" ಎಂದು ಅಡ್ಡ ಬಂದ ದ್ಯಾವಪ್ಪನ ಮೊಣಕಾಲಿಗೆ ಟ್ರಾಲಿಯ ಕಬ್ಬಿಣ ಬಡಿಯಿತು. "ಅಡ್ಡ ನಿಂತ್ರೆ ನಿನ್ನೂ ಹೆರುಸ್ಬುಡ್ತೀನಿ, ಸರಿಯೋ ಬೇವರ್ಸಿ!"

ಅವಳೂ ಶರೀಫುನ್ನೀಸಾಳೂ ಅಂಬ್ರೀನಳನ್ನು ಎತ್ತಿ ಮಲಗಿಸಿ ಇಳಿಜಾರಿನ ದಾರಿಯಲ್ಲಿ ಮೇಲಕ್ಕೆ ನೂಕಿಕೊಂಡು ಓಡಿದರು. ಹೆರಿಗೆ ರೂಮಿನಲ್ಲಿದ್ದ ಶಕುಂತಲಮ್ಮ ನೋಡಿದವಳೇ ಡಾಕ್ಟರಿಗೆ ಫೋನು ಮಾಡಿ ಕೈಗವಸು ಏರಿಸಿದಳು. "ಬಂದೆ ಅಂದ್ರು. ಅಷ್ಟರೊಳಗೆ ನೀರು ಬೇಕು ಕಣೇ, ಬೇಗ."

ಪುಟ್ಟಗಂಗಮ್ಮ ಅಂಬ್ರೀನಳ ಕಾಲು ಹಿಡಿದಿದ್ದಳು, ಬಿಡುವಂತಿರಲಿಲ್ಲ. ಬಾಗಿಲಲ್ಲಿ ಶಾಂತಲಾ ಕಂಡಳು. ದಿಂಬು ಒಂದು ಪಕ್ಕೆಗೆ ಜಾರಿತ್ತು, ಕೈಯಲ್ಲಿ ಪೆನ್ನಿರಲಿಲ್ಲ.

"ನಾನೇನು ಮಾಡ್ಲಿ?"

"ಬಕೀಟು ಅಲ್ಲೈತೆ. ತೊಟ್ಟಿ ಕೆಳಗೈತೆ."

ಶಾಂತಲಾ ಹೋದಳು. ದಿಂಬನ್ನು ಬಿಚ್ಚುವುದೂ ತೋಚಲಿಲ್ಲ. ಮೊದಲನೇ ಬಕೀಟು ಅರ್ಧ ಚೆಲ್ಲಿಕೊಂಡು ಬಂತು. ಎರಡನೆಯದನ್ನು ತಂದಾಗ ಅವಳು ಗೋಡೆಗೆ ಒರಗಿ ಬಾಯಲ್ಲಿ ಉಸಿರು ಬಿಡುತ್ತಿದ್ದಳು. ಅಂಗೈಯಲ್ಲಿ ಕೆಂಪು ಬರೆ ಎದ್ದಿತ್ತು. ಯಾರೂ ಅವಳನ್ನು ಏನು ಫೀಲ್ ಆಯಿತು ಎಂದು ಕೇಳಲಿಲ್ಲ.

ಡಾಕ್ಟರು ಓಡಿ ಬಂದ ಸ್ವಲ್ಪ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು. ಬೆನ್ನು ತಟ್ಟಿದ ಮೇಲೆ ಸಣ್ಣದಾಗಿ ಅತ್ತಿತು. ಆದರೆ ಅಂಬ್ರೀನಳ ರಕ್ತ ನಿಂತಿರಲಿಲ್ಲ. ಶರೀಫುನ್ನೀಸಾ ಮೂಲೆಯಲ್ಲಿ ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದಳು. "ಬಟ್ಟೆ ಕೊಡು, ಒತ್ತು, ಇನ್ನೂ ಒತ್ತು," ಎನ್ನುತ್ತಿದ್ದಳು ಶಕುಂತಲಮ್ಮ.

ಹೊರಗೆ ಬಾಗಿಲು ದಬದಬ ಬಡಿಯಿತು. ಪುಟ್ಟಗಂಗಮ್ಮ ಒಂದು ಮೊಳ ತೆರೆದಳು. ಲಕ್ಷ್ಮೀಕಾಂತ್ ನಿಂತಿದ್ದ. ಅವನ ಹಿಂದೆ ಅತಿಥಿಗಳು, ಅವರ ಹಿಂದೆ ಫೋಟೋದವನು.

"ಇವತ್ತಿಗೆ ನಿನ್ನ ಕೆಲಸ ಮುಗೀತು, ಕೊಳಕು ಮುಂಡೆ," ಎಂದ ಅವನು ಮೆಲ್ಲಗೆ, ಕನ್ನಡದಲ್ಲಿ, ಅತಿಥಿಗಳಿಗೆ ಅರ್ಥವಾಗದಂತೆ ನಗುತ್ತಲೇ. "ನಾಳೆಯಿಂದ ಗೇಟಿನ ಹತ್ರ ಕಂಡ್ರೆ ಕಾಲು ಮುರಿಸ್ತೀನಿ."

ಪುಟ್ಟಗಂಗಮ್ಮ ಮೊಣಕೈವರೆಗೆ ಕೆಂಪಾಗಿದ್ದ ಕೈಯಿಂದ ಖಾಲಿ ಬಕೀಟನ್ನು ಆ ಮೊಳದಗಲದ ಸಂದಿಯಲ್ಲಿ ತೂರಿಸಿ ಅವನ ಬಿಳಿ ಷರಟಿನ ಎದೆಗೆ ಒತ್ತಿದಳು. ಬೀಳುವ ಬಕೀಟನ್ನು ಹಿಡಿಯಲು ಅವನ ಎರಡೂ ಕೈ ತಾವಾಗಿ ಮೇಲೆದ್ದವು.

"ನಾಳೆ ಮಾತು ನಾಳೆಗಿರ್ಲಿ," ಎಂದಳು. "ಈಗ ಇದನ್ನ ತುಂಬ್ಕಂಡು ಬಾರೋ."

ಫೋಟೋದವನ ಕ್ಯಾಮೆರಾ ಒಮ್ಮೆ ಮಿಂಚಿತು. ಅವಳು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ಅವನು ಮೆಟ್ಟಿಲಿಳಿಯುವ ಹೆಜ್ಜೆ ಸಪ್ಪಳ ಕೇಳುತ್ತದೋ ಎಂದು ಕಿವಿಗೊಟ್ಟಳು.